ಅತ್ತೆಯ ಲಾಡಿ ಮತ್ತು ಒಂದು ವರ್ಷದ ವಾರಂಟಿ

ಹೋದ ವಾರ ಆಕುರ್ಡಿಯ ಚೌಕದಲ್ಲಿ ಟ್ರಾಫಿಕ್ ಹವಾಲ್ದಾರರೊಬ್ಬರು ನನ್ನ ಗಾಡಿ ನಿಲ್ಲಿಸಿ ಕಾಗದಪತ್ರ ಕೇಳಿದರು. ನನ್ನ ತಪ್ಪೇನೂ ಇರಲಿಲ್ಲ, ಸುಮ್ಮನೆ ತಪಾಸಣೆ. ನಾನು ಡ್ಯಾಶ್‌ಬೋರ್ಡಿನ ಖಾನೆಗೆ ಕೈಹಾಕಿ ಎಳೆದೆ. ಕಾಗದ ಬರಲಿಲ್ಲ, ಉದ್ದನೆಯ ಬಿಳಿ ಲಾಡಿ ಬಂತು. ಲಾಡಿ ಎಂದರೆ ಲಂಗಕ್ಕೆ ಪೋಣಿಸುವ ಲಾಡಿಯೇ, ಬೇರೆ ಏನೋ ಇರಬಹುದೆಂದು ನೀವು ಮುಲಾಜಿಗೆ ಅಂದುಕೊಳ್ಳುವುದು ಬೇಡ. ಅದರ ನಡುವೆ ಒಂದು ಬಿಗಿಯಾದ ಗಂಟು, ಗಂಟಿನ ಮೇಲೆ ಗುರುತಿಗೆಂದು ಹಚ್ಚಿದ ಕುಂಕುಮ.

"ಹೇ ಕಾಯ, ಮ್ಯಾಡಂ?" ಎಂದರು ಹವಾಲ್ದಾರರು, ಇದೇನೆಂದು.

"ಗಾಡೀಚಂ ಮಾಪ ಆಹೇ," ಎಂದೆ. ಗಾಡಿಯ ಅಳತೆ ಎಂದು. ಅವರು ಲಾಡಿಯನ್ನು ನೋಡಿದರು, ನನ್ನನ್ನು ನೋಡಿದರು, ಹಿಂದೆ ಕೂತಿದ್ದ ನನ್ನ ಅತ್ತೆಯವರನ್ನು ನೋಡಿದರು. ಅತ್ತೆಯವರು ಬಹಳ ಗಂಭೀರವಾಗಿ ತಲೆಯಾಡಿಸಿ ನನ್ನ ಮಾತಿಗೆ ಸಾಕ್ಷಿ ನುಡಿದರು. ಕಾಗದ ನೋಡುವ ಉತ್ಸಾಹವೇ ಹೋಗಿ ಹವಾಲ್ದಾರರು ಕೈಬೀಸಿ ಕಳಿಸಿಬಿಟ್ಟರು.

ಅವತ್ತಿನಿಂದ ಆ ಲಾಡಿಯ ಕತೆ ಯಾರಿಗಾದರೂ ಹೇಳಬೇಕು ಎಂದು ನನ್ನ ನಾಲಿಗೆ ತುರಿಸುತ್ತಿದೆ. ನೀವು ಸಿಕ್ಕಿದ್ದೀರಿ.

ಮೊದಲು ನನ್ನ ಅತ್ತೆಯವರ ಬಗ್ಗೆ ಹೇಳಬೇಕು. ಗದಗಿನ ಕಡೆಯವರು, ಮದುವೆಯಾಗಿ ಪುಣೆಗೆ ಬಂದು ನಿಗಡಿಯಲ್ಲಿ ಮನೆಮಾಡಿ ಆಯುಷ್ಯವನ್ನೆಲ್ಲ ಇಲ್ಲೇ ಕಳೆದವರು. ಮರಾಠಿಯನ್ನು ಧಾರಾಳವಾಗಿ ಮಾತಾಡುತ್ತಾರೆ, ಆದರೆ ಅದನ್ನು ಕೇಳಿದ ಮರಾಠಿಗರು ಕೂಡಲೇ "ಆಜಿ, ತುಮ್ಹೀ ಕರ್ನಾಟಕಚ್ಯಾ ಕಾ?" ಎಂದು ಕೇಳುತ್ತಾರೆ. ತಿರುಗಾಟದ ಹುಚ್ಚು ಅವರಿಗೆ. ಯಾರ ಮನೆಯ ಹೆಸರಿಡುವ ಶಾಸ್ತ್ರ, ಯಾರ ಮನೆಯ ಅರಿಶಿನ ಕುಂಕುಮ, ಎಲ್ಲಿ ಭಜನೆ, ಯಾವ ಗುಡಿಯಲ್ಲಿ ಪ್ರಸಾದಕ್ಕೆ ಏನು ಮಾಡುತ್ತಾರೆ, ಎಲ್ಲ ಬಾಯಿಪಾಠ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ಮನೆಯಲ್ಲಿರಬೇಕು, ಅತ್ತೆ ಊರು ಸುತ್ತಬೇಕು ಎಂಬುದೇ ಈ ಮನೆಯ ಕಾಯಿದೆಯೇನೋ ಎಂದು ತಿಳಿದಿದ್ದೆ.

ಅಂಥವರ ಮೊಣಕಾಲು ಕೈಕೊಟ್ಟವು. ನಡೆಯಲು ಅಷ್ಟೇನೂ ಕಷ್ಟವಿಲ್ಲ. ತೊಂದರೆ ಇರುವುದು ಕೂತು ಏಳುವುದರಲ್ಲಿ. ಕುರ್ಚಿ ಒಂದು ಅಂದಾಜಿನ ಎತ್ತರಕ್ಕಿದ್ದರೆ ರಾಣಿಯ ಹಾಗೆ ಏಳುತ್ತಾರೆ. ಅದಕ್ಕಿಂತ ನಾಲ್ಕು ಬೆರಳು ತಗ್ಗಿತೋ, ಮುಗಿಯಿತು. ರಿಕ್ಷಾ ಹತ್ತುವುದಕ್ಕೆ ಕಾಲು ಮೇಲಕ್ಕೆ ಏಳುವುದಿಲ್ಲ, ಬಾಡಿಗೆ ಕಾರಿನಲ್ಲಿ ಕೂತರೆ ಬಾವಿಯಲ್ಲಿ ಇಳಿದ ಹಾಗೆ. ಚಿಂಚವಡದ ಒಂದು ಮದುವೆಗೆ ಹೋದಾಗ ಮಂಟಪದ ಬಾಗಿಲಲ್ಲೇ ಕಾರು ನಿಂತಿತು. ಬ್ಯಾಂಡಿನವರು ಬಾರಿಸುತ್ತಿದ್ದರು. ಅತ್ತೆಯವರನ್ನು ಒಳಗಿನಿಂದ ಎತ್ತಲು ನಾನೊಂದು ಕಡೆ, ನನ್ನ ಗಂಡ ಒಂದು ಕಡೆ, ಹಿಂದಿನಿಂದ ನೂಕಲು ಯಾರೋ ಪರಿಚಯವಿಲ್ಲದ ಗಂಡಸರು. ಸೆರಗು ಜಾರಿತು, ಒಂದು ಚಪ್ಪಲಿ ಕಾರಿನೊಳಗೇ ಉಳಿಯಿತು. ಬೀಗರು ಕೈಮುಗಿದು ನಿಂತೇ ಇದ್ದರು. ಮನೆಗೆ ಬಂದ ಮೇಲೆ ಅತ್ತೆಯವರು, "ಶ್ರೀಪಾದ, ಇನ್ನ ನಾ ಎಲ್ಲೂ ಬರೂದಿಲ್ಲಪಾ. ಚಕ್ಕಡಿಯಿಂದ ಮೂಟಿ ಇಳಿಸಿಧಾಂಗ ಇಳಿಸ್ಕೊಂಡು ನನಗ ಯಾರ ಮನ್ಯಾಗೂ ಉಣ್ಣೂದು ಬ್ಯಾಡ," ಎಂದರು.

ಶ್ರೀಪಾದ ಎಂದರೆ ನನ್ನ ಗಂಡ.

ಅತ್ತೆಯವರು ಹೇಳಿದ ಹಾಗೆಯೇ ಮಾಡಿದರು. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಅವರ ತಂಗಿ ಗೋದಕ್ಕ ಇರುವುದು ಕುರಕುಂಭದಲ್ಲಿ, ಮಗ ಅಲ್ಲಿನ ಕೆಮಿಕಲ್ ಕಾರ್ಖಾನೆಯಲ್ಲಿದ್ದಾನೆ. ಮೂರು ತಾಸಿನ ದಾರಿ. ಆದರೆ ಗೋದಕ್ಕನಿಗೆ ಬಸ್ಸು, ಕಾರು ಹತ್ತಿದರೆ ಹೊಟ್ಟೆ ತೊಳೆಸುತ್ತದೆ, ಗಾಳಿಯಾಡುವ ರಿಕ್ಷಾ ಬಿಟ್ಟು ಬೇರೆ ಯಾವುದರಲ್ಲೂ ಕೂರುವುದಿಲ್ಲ. ಹೀಗಾಗಿ ಯಾವಾಗಲೂ ಅಕ್ಕನೇ ಹೋಗಬೇಕು. ಅಕ್ಕ ಕಿಟಕಿಯ ಹತ್ತಿರ ಕೂತ ಮೇಲೆ ಇಬ್ಬರೂ ದಿನಾ ಫೋನಿನಲ್ಲೇ ಭೇಟಿ. "ಏನ್ ಮಾಡೀದಿ ಅಡಗಿ?" ಎಂದು ಶುರುವಾದರೆ ಸಾರಿಗೆ ಒಗ್ಗರಣೆ ಬೀಳುವ ಚುಂಯ್ ಸದ್ದನ್ನೂ ಒಬ್ಬರಿಗೊಬ್ಬರು ಕೇಳಿಸುತ್ತಿದ್ದರು. ಫೋನ್ ಇಟ್ಟಮೇಲೆ ಅತ್ತೆಯವರು ಸ್ವಲ್ಪ ಹೊತ್ತು ರಸ್ತೆ ನೋಡುತ್ತಿದ್ದರು. ಮನೆಯಲ್ಲಿ ಹೊಸ ಸುದ್ದಿ ತರುವವರೇ ಇಲ್ಲವಾಗಿ ನನಗೂ ಬೇಸರ ಹಿಡಿಯಿತು. ಖರೇ ಹೇಳುತ್ತೇನೆ, ಊರು ಸುತ್ತುವ ಅತ್ತೆಯನ್ನು ಬೈದುಕೊಂಡವಳೇ ನಾನು. ಅವರು ಮನೆಯಲ್ಲಿ ಕೂತರೆಂದು ಅತ್ತವಳೂ ನಾನೇ.

ಸ್ವಂತ ಗಾಡಿ ತೆಗೆದುಕೊಳ್ಳೋಣ ಎಂದು ಹಟ ಹಿಡಿದೆ. ನಾನು ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ರಜೆಯಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸನ್ನೂ ತಂದಿಟ್ಟುಕೊಂಡಿದ್ದೆ. ನನ್ನ ಗಂಡನಿಗೆ ಗಾಡಿ ಓಡಿಸಲು ಬರುವುದಿಲ್ಲ, ಕಂಪನಿಯ ಬಸ್ಸಿನಲ್ಲಿ ಹೋಗಿ ಕಂಪನಿಯ ಬಸ್ಸಿನಲ್ಲೇ ಬರುವ ಮನುಷ್ಯ. ಅವರ ಕೆಲಸ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ. ಇಡೀ ದಿನ ಯಾವ ನಟ್ಟು ಯಾವಾಗ ಮುರಿದೀತು ಎಂದು ಯೋಚಿಸುವುದಕ್ಕೆ ಅವರಿಗೆ ಸಂಬಳ ಕೊಡುತ್ತಾರೆ. ಮನೆಗೆ ಬಂದ ಮೇಲೆ ಅದನ್ನೇ ಸಂಬಳವಿಲ್ಲದೆ ಮಾಡುತ್ತಾರೆ.

ಗಾಡಿ ನೋಡಲು ಹೊರಟ ದಿನ ಅತ್ತೆಯವರು ನನ್ನನ್ನು ಕರೆದು ಈ ಲಾಡಿ ಕೊಟ್ಟರು. ತಮ್ಮ ಕಿಟಕಿಯ ಕುರ್ಚಿಯ ಎತ್ತರವನ್ನು ಅಳೆದು ಗಂಟು ಹಾಕಿದ್ದರು. "ವಾಸಂತಿ, ಬಣ್ಣಾ ನೀ ನೋಡು, ಇಂಜಿನ್ನಾ ಅಂವಾ ನೋಡಲಿ. ಸೀಟು ಈ ಗಂಟಿಗೆ ಬರಬೇಕು. ಬಂದ್ರ ನನಗ ಫೋನ್ ಮಾಡು," ಎಂದರು. ನಾವು ಹೋದ ಶೋರೂಮುಗಳ ಹುಡುಗರ ಮುಖ ನೀವು ನೋಡಬೇಕಿತ್ತು. ಅವರು ಮೈಲೇಜು ಹೇಳುತ್ತಾರೆ, ಏರ್‌ಬ್ಯಾಗ್ ಹೇಳುತ್ತಾರೆ, ಚಾವಣಿ ತೆರೆದು ಆಕಾಶ ತೋರಿಸುತ್ತಾರೆ. ನಾನು ಪರ್ಸಿನಿಂದ ಲಾಡಿ ತೆಗೆದು ನೆಲದಿಂದ ಸೀಟಿಗೆ ಹಿಡಿದು, "ಇಲ್ಲ, ತಗ್ಗಾಯಿತು," ಎನ್ನುತ್ತೇನೆ. ಸಣ್ಣ ಗಾಡಿಗಳೆಲ್ಲ ತಗ್ಗು. ಜೀಪಿನಂಥ ದೊಡ್ಡ ಗಾಡಿಗಳಲ್ಲಿ ಗಂಟು ಎಲ್ಲೋ ಸೀಟಿನ ಕೆಳಗೇ ನಿಲ್ಲುತ್ತಿತ್ತು, ಹತ್ತಲು ಏಣಿ ಬೇಕು. ಒಂದು ಕಡೆ ನನ್ನ ಗಂಡ ನಾನ್ಯಾರೋ ಅವರ್ಯಾರೋ ಎಂಬಂತೆ ಹೊರಗೆ ಹೋಗಿ ಹೂಕುಂಡ ನೋಡುತ್ತ ನಿಂತರು.

ಕೊನೆಗೆ ಗಂಟಿಗೆ ಸರಿಯಾಗಿ ಬಂದದ್ದು ಒಂದೇ ಗಾಡಿ. ಹಳೇ ಹೈವೇಯ ಪಕ್ಕ, ಬಳಸಿದ ಗಾಡಿಗಳನ್ನು ಮಾರುವ ಡೀಲರೊಬ್ಬರ ಅಂಗಳದಲ್ಲಿ ನಿಂತಿತ್ತು. ಕಂಪನಿ ಈಗ ಆ ಮಾದರಿಯನ್ನು ಮಾಡುವುದನ್ನೇ ಬಿಟ್ಟಿದೆ. ಮಾವಿನಹಣ್ಣಿನ ಬಣ್ಣ, ಅಗಲವಾದ ಬಾಗಿಲು, ತನ್ನಷ್ಟಕ್ಕೆ ತಾನೇ ಗೇರು ಬದಲಿಸಿಕೊಳ್ಳುವ ಜಾಣತನ. ಲಾಡಿ ಹಿಡಿದೆ. ಕುಂಕುಮದ ಗಂಟು ಸೀಟಿನ ಅಂಚಿಗೆ ಬಂದು ಕೂತಿತು. ಗಂಡನ ಮುಖ ನೋಡಿದರೆ ಅದು ಸಪ್ಪಗಾಗಿತ್ತು.

"ವಾಸಂತಿ, ಇದರ ಗೇರ್‌ಬಾಕ್ಸ್ ಅಂದ್ರ ನಮ್ಮ ಕಂಪನ್ಯಾಗ ಒಂದು ಚೇಷ್ಟಿ ಆಗೇದ. ಇದನ್ನ ತಗೊಂಡವ್ರು ಯಾರೂ ನಕ್ಕಿಲ್ಲ, ಉಳದವ್ರೆಲ್ಲಾ ನಕ್ಕಾರ," ಎಂದರು.

ಅಂಗಳದಲ್ಲಿ ಗಾಡಿ ತೋರಿಸುತ್ತಿದ್ದ ಹುಡುಗ ಕನ್ನಡ ಕೇಳಿ ಕಣ್ಣರಳಿಸಿದ. "ನಮಸ್ಕಾರ್ರಿ ಸರ, ನಾನೂ ಬೈಲಹೊಂಗಲದಾಂವರಿ. ಪ್ರವೀಣ ಅಂತರಿ. ಗೇರ್‌ಬಾಕ್ಸಿಗೆ ಹೆದರಬ್ಯಾಡ್ರಿ, ಒಂದು ವರ್ಷ ನಮ್ಮ ಡೀಲರ್ ವಾರಂಟಿ ಅದರಿ. ಲೋನೂ ನಾವ ಮಾಡಸಿಕೊಡ್ತೀವಿ. ಐದು ವರ್ಷದ ಕಂತು, ಭಾಳ ಹಗೂರ ಆಗ್ತದರಿ."

ಅವತ್ತು ರಾತ್ರಿ ಊಟದಲ್ಲಿ ನಮ್ಮ ಮನೆಯಲ್ಲಿ ನಡೆದ ವಾದವನ್ನು ಕೋರ್ಟಿನಲ್ಲಿ ನಡೆಸಿದ್ದರೆ ಇನ್ನೂ ತಾರೀಖು ಬೀಳುತ್ತಿರುತ್ತಿತ್ತು. ನನ್ನ ಗಂಡ ಬೆರಳು ಮಡಿಸಿದರು. "ವಾರಂಟಿ ಒಂದು ವರ್ಷ, ಕಂತು ಐದು ವರ್ಷ. ಉಳದ ನಾಕು ವರ್ಷ ಕೆಟ್ಟ ಗಾಡಿಗೆ ಆರತಿ ಎತ್ತಿಕೋತ ಕಂತು ಕಟ್ಟಬೇಕೇನು? ಮತ್ತ ಕೆಡೂದಿಲ್ಲ ಅಂತ ಅವಗ ನಂಬಿಕಿ ಇದ್ರ ವಾರಂಟಿ ಯಾಕ ಕೊಡ್ತಾನ?"

"ಕೆಡ್ತದ ಅಂತ ಗೊತ್ತಿದ್ರ ಹೆಂಗ ಕೊಡ್ತಾನ್ರಿ?" ಎಂದೆ ನಾನು.

ಅತ್ತೆಯವರು ಸಾರು ಬಡಿಸಿಕೊಳ್ಳುತ್ತ, "ಶ್ರೀಪಾದ, ನಿಮ್ಮಪ್ಪನ್ನ ನಾ ಮಾಡ್ಕೊಂಡಾಗ ಒಂದ ದಿನದ್ದೂ ವಾರಂಟಿ ಇರಲಿಲ್ಲ. ಸಂಸಾರ ಆಗ್ಲಿಲ್ಲೇನು?" ಎಂದರು. ನನ್ನ ಗಂಡ ಮಜ್ಜಿಗೆಗೆ ಕೈಚಾಚಿದರು.

ನಾನು ಅವರ ಮಾತನ್ನು ಸುಮ್ಮನೆ ತಳ್ಳಿಹಾಕಲಿಲ್ಲ. ಲೆಕ್ಕದಲ್ಲಿ ಅವರದೇ ಸರಿ. ಕೈಯಲ್ಲಿ ದುಡ್ಡಿಟ್ಟುಕೊಂಡು ಹುಚ್ಚು ಮಾಡುವುದು ಬೇರೆ, ಸಾಲ ಮಾಡಿ ಹುಚ್ಚು ಮಾಡುವುದು ಬೇರೆ. ಆದರೆ ವಾರಂಟಿ ಎಂಬ ಶಬ್ದ ಕೇಳಿದಾಗಲೆಲ್ಲ ನನಗೆ ಧಾರವಾಡದ ನಮ್ಮ ಅಪ್ಪನ ಗಾಡಿ ನೆನಪಾಗುತ್ತದೆ. ಅದನ್ನು ಹೇಳದೆ ಮುಂದೆ ಹೋದರೆ ನನಗೆ ಉಂಡದ್ದು ಅರಗುವುದಿಲ್ಲ.

ನಮ್ಮ ಅಪ್ಪ ಡಾಕ್ಟರೊಬ್ಬರಿಂದ ಒಂದು ಮುದಿ ಕಾರು ಕೊಂಡಿದ್ದರು. ಅದಕ್ಕೆ ಎಲ್ಲ ಇತ್ತು, ತಾನಾಗಿ ಶುರುವಾಗುವುದೊಂದು ಇರಲಿಲ್ಲ. ಆದ್ದರಿಂದ ಅಪ್ಪ ಅದನ್ನು ಯಾವಾಗಲೂ ಇಳಿಜಾರಿನಲ್ಲೇ ನಿಲ್ಲಿಸುತ್ತಿದ್ದರು. ನಮ್ಮ ಬಂಧುಬಳಗವನ್ನು ಅವರು ಎರಡೇ ಪಂಗಡ ಮಾಡಿದ್ದರು, ಇಳಿಜಾರಿನ ಮನೆಯವರು ಮತ್ತು ಸಪಾಟು ಮನೆಯವರು. ಇಳಿಜಾರಿನ ಮನೆಗಳಿಗೆ ಕಾರಿನಲ್ಲಿ ಹೋಗುತ್ತಿದ್ದೆವು. ಸಪಾಟು ಮನೆಯವರು ಎಷ್ಟೇ ಹತ್ತಿರದ ಸಂಬಂಧವಾಗಿರಲಿ, ನಡೆದೇ ಹೋಗಬೇಕು. ಹೊಸದಾಗಿ ಯಾರಾದರೂ ಪರಿಚಯವಾಗಿ ಮನೆಗೆ ಕರೆದರೆ ಅಪ್ಪ ಮೊದಲು ಕೇಳುತ್ತಿದ್ದದ್ದು, "ನಿಮ್ಮ ಓಣಿ ಏರು ಅದನೋ, ಇಳಕಲು ಅದನೋ?" ನಾನು ಮುಂದೆ ಭೂಗೋಳದ ಟೀಚರಾದೆನಲ್ಲ, ಅದರಲ್ಲಿ ನನ್ನ ಬುದ್ಧಿವಂತಿಕೆ ಏನಿಲ್ಲ. ಇಂದಿಗೂ ಪಾರ್ಕಿಂಗಿಗೆ ಹೋದರೆ ನನ್ನ ಕಣ್ಣು ತಾನಾಗಿ ಇಳಿಜಾರು ಹುಡುಕುತ್ತದೆ.

ಎಲ್ಲಾದರೂ ಸಪಾಟಿನಲ್ಲಿ ಕೆಟ್ಟು ನಿಂತರೆ ತಳ್ಳಬೇಕು. ಆಗ ನೋಡಬೇಕು ನಮ್ಮ ಓಣಿಯ ಚೆಂದ. ಹಿಟ್ಟಿನ ಗಿರಣಿಯವನು ಮೈತುಂಬ ಹಿಟ್ಟು ಮೆತ್ತಿಕೊಂಡೇ ಓಡಿ ಬರುತ್ತಿದ್ದ. ಸಂಗೀತದ ಮಾಸ್ತರರು ಪಾಠ ಬಿಟ್ಟು ಶಿಷ್ಯೆಯರ ಸಮೇತ ಬರುತ್ತಿದ್ದರು. ನಮ್ಮಲ್ಲಿಗೆ ಊಟಕ್ಕೆ ಬಂದ ಬೀಗಿತ್ತಿಯರು ರೇಷ್ಮೆ ಸೀರೆ ಎತ್ತಿಕಟ್ಟಿ ತಳ್ಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾರು ಗುರ್ ಎಂದು ಜೀವ ಹಿಡಿದಾಗ ಇಡೀ ಓಣಿ ಹೋ ಎಂದು ಕೂಗುತ್ತಿತ್ತು. ಅಪ್ಪ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಮತ್ತೆ ಕೆಟ್ಟೀತು; ಕಿಟಕಿಯಿಂದ ಕೈ ಬೀಸುತ್ತ ಹೋಗಿಬಿಡುತ್ತಿದ್ದರು, ನಾವು ಮಕ್ಕಳು ಹಿಂದೆ ಓಡಿ ಹತ್ತುತ್ತಿದ್ದೆವು. ಒಮ್ಮೆ ಅಮ್ಮ ಹತ್ತುವುದು ತಪ್ಪಿ ಓಣಿಯಲ್ಲೇ ಉಳಿದರು. ಮದುವೆಗೆ ಉಡುಗೊರೆಯ ಸೀರೆ ಅವರ ಕೈಯಲ್ಲೇ ಇತ್ತು. ಅಪ್ಪ ಮದುವೆಮನೆ ಮುಟ್ಟಿದ ಮೇಲೆ ತಿರುಗಿ ನೋಡಿದರಂತೆ.

ಆ ಗಾಡಿಗೆ ವಾರಂಟಿ ಎಲ್ಲಿತ್ತು? ಓಣಿಯೇ ಇತ್ತು. ಈಗ ನಾನಿರುವ ಸೊಸೈಟಿಯಲ್ಲಿ ಎಲ್ಲರೂ ಒಳ್ಳೆಯವರೇ, ಆದರೆ ನನ್ನ ಗಾಡಿ ತಳ್ಳಲು ಕರೆಯಬೇಕಾದರೆ ಮೊದಲು ವಾಟ್ಸಾಪ್ ಗುಂಪಿನಲ್ಲಿ ಹಾಕಬೇಕು. ಗಾಡಿ ಕೆಡುವುದಿಲ್ಲ ಎಂದು ಡೀಲರ್ ಮಾತು ಕೊಡುವುದಿಲ್ಲ, ಕೆಟ್ಟರೆ ಯಾರಾದರೂ ಬರುತ್ತಾರೆ ಎಂದಷ್ಟೇ ಕೊಡುತ್ತಾನೆ. ನನಗೆ ಅಷ್ಟು ಸಾಕಿತ್ತು. ನನ್ನ ಗಂಡನಿಗೆ ಸಾಕಾಗಿರಲಿಲ್ಲ.

ಮರುದಿನ ಅತ್ತೆಯವರೇ ಗಾಡಿ ನೋಡಲು ಬರುತ್ತೇನೆಂದರು. ಬಾಡಿಗೆ ಕಾರಿನಲ್ಲಿ ಹೋಗಬೇಕು, ಮತ್ತೆ ಎಲ್ಲರೆದುರು ಎಳೆಸಿಕೊಳ್ಳಬೇಕು, ಆದರೂ ಹೊರಟರು. ಅಂಗಳದಲ್ಲಿ ನಾನೂ ಪ್ರವೀಣನೂ ಸೇರಿ ಅವರನ್ನು ಹೊರಗೆ ಎಳೆದೆವು. ಅವರು ಸೆರಗು ಸರಿಮಾಡಿಕೊಂಡು, ಗಾಡಿ ನೋಡುವ ಮೊದಲು ಪ್ರವೀಣನನ್ನು ನೋಡಿದರು.

"ಯಾರ ಪೈಕಿ ಅಪ್ಪಿ ನೀನು? ನಿಮ್ಮವ್ವನ ತವರುಮನಿ ಯಾವೂರು?"

"ನರಗುಂದರಿ ಅಜ್ಜಿ."

"ನರಗುಂದದಾಗ ಎಲ್ಲೆ?"

ಹೀಗೆ ಶುರುವಾದದ್ದು ಪ್ರವೀಣನ ಸೋದರಮಾವನ ಮನೆಯ ಹಿತ್ತಲ ಬಾವಿಯವರೆಗೂ ಹೋಯಿತು. ಆ ಬಾವಿಯ ನೀರನ್ನು ಅತ್ತೆಯವರು ಹುಡುಗಿಯಾಗಿದ್ದಾಗ ಕುಡಿದಿದ್ದರಂತೆ. ನಮ್ಮ ಕಡೆಯವರ ದೊಡ್ಡ ರೋಗವೇ ಇದು. ಸಂಬಂಧ ಹತ್ತಿದರೆ ಸಾಕು, ವ್ಯವಹಾರ ಮರೆತುಹೋಗುತ್ತದೆ. ನನ್ನ ಗಂಡ ಕಿಸೆಯಿಂದ ತೆಗೆದ ಗೇರ್‌ಬಾಕ್ಸಿನ ಪ್ರಶ್ನೆಗಳನ್ನು ಮತ್ತೆ ಕಿಸೆಯಲ್ಲೇ ಇಟ್ಟುಕೊಳ್ಳಬೇಕಾಯಿತು, ಬಾವಿಯ ನೀರು ಕೊಟ್ಟ ಮನೆಯ ಮೊಮ್ಮಗನನ್ನು ಅಡ್ಡಪ್ರಶ್ನೆ ಮಾಡುವುದು ಹೇಗೆ?

ಆಮೇಲೆ ಅತ್ತೆಯವರು ಗಾಡಿಯ ಹತ್ತಿರ ಹೋದರು. ಬಾಗಿಲು ತೆಗೆಸಿದರು. ಬೆನ್ನು ತಿರುಗಿಸಿ ಕೂತರು, ಕಾಲು ಒಳಗೆ ತೆಗೆದುಕೊಂಡರು. ಮತ್ತೆ ಕಾಲು ಹೊರಗಿಟ್ಟು, ಒಂದು ಕೈ ಬಾಗಿಲ ಮೇಲಿಟ್ಟು, ತಾವೇ ಎದ್ದು ನಿಂತರು. ನಾವ್ಯಾರೂ ಮುಟ್ಟಿರಲಿಲ್ಲ. ಎದ್ದವರು ಮತ್ತೆ ಕೂತರು, ಮತ್ತೆ ಎದ್ದರು. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಎಷ್ಟು ಸಲ ಮಾಡಿದರೋ. ಅವರ ಮುಖ ನೋಡಿ ನಾನು ಮನಸ್ಸಿನಲ್ಲೇ ಸಾಲದ ಕಾಗದಕ್ಕೆ ಸಹಿ ಹಾಕಿಬಿಟ್ಟೆ.

ಅತ್ತೆಯವರು ಮಾತ್ರ ಹಾಗೆ ಕರಗುವವರಲ್ಲ. "ಹುಡುಗಿ ನೋಡಿಧಾಂಗ ಆತು. ಇನ್ನ ಮನಿ ನೋಡಬೇಕು," ಎಂದರು.

ಪ್ರವೀಣನಿಗೆ ತಿಳಿಯಲಿಲ್ಲ. ಅವರು ಬಿಡಿಸಿ ಹೇಳಿದರು. ನಮ್ಮಲ್ಲಿ ಹೆಣ್ಣು ಕೊಡುವಾಗ, ತರುವಾಗ, ನಾಲ್ಕು ಜನ ಹೋಗಿ ಮನೆ ನೋಡಿ ಬರುವ ಪದ್ಧತಿ ಇದೆಯಲ್ಲ? ಅಡುಗೆಮನೆಯಲ್ಲಿ ಇಣುಕಿ, ಹಿತ್ತಲು ನೋಡಿ, ಚಹಾ ಕುಡಿದು, ಆ ಮನೆಯವರು ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆ ಎಂದು ಕೇಳಿಸಿಕೊಂಡು ಬರುವುದು. ಈ ಗಾಡಿಯೂ ಒಂದು ಮನೆಯಿಂದಲೇ ಬಂದಿದೆಯಲ್ಲ, ಆ ಮನೆ ನೋಡಬೇಕು. ಪ್ರವೀಣ ಹಾಗೆಲ್ಲ ನಿಯಮದಲ್ಲಿಲ್ಲ ಎಂದ. "ನರಗುಂದದ ನೀರಿನ ಮಾತಾತಪಾ," ಎಂದರು ಅತ್ತೆಯವರು. ಅವನು ಹಳೇ ಮಾಲೀಕರಿಗೆ ಫೋನ್ ಹಚ್ಚಿ, ಹೀಗೊಬ್ಬ ಅಜ್ಜಿ ನಿಮ್ಮನ್ನು ನೋಡಬೇಕೆನ್ನುತ್ತಿದ್ದಾರೆ ಎಂದು ಮರಾಠಿಯಲ್ಲಿ ಹೇಳುವಾಗ ಅವನ ಕಿವಿ ಕೆಂಪಾಗಿದ್ದವು. ಆ ಕಡೆಯವರು ಗಟ್ಟಿಯಾಗಿ ನಕ್ಕದ್ದು ನಮಗೂ ಕೇಳಿಸಿತು. ಬನ್ನಿ ಎಂದರು.

ಹಳೇ ಮಾಲೀಕರು ಸಾಠೆ ಕಾಕಾ, ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಮಾಡಿ ಈಗ ಮಗನಿಗೆ ಗಾದಿ ಬಿಟ್ಟುಕೊಟ್ಟು ಮನೆಯಲ್ಲಿದ್ದವರು. ಮನೆ ಡೀಲರ ಅಂಗಳಕ್ಕೆ ಸಮೀಪವೇ. ಬಾಗಿಲಲ್ಲಿ ರಂಗೋಲಿ, ಒಳಗೆಲ್ಲ ಬೆಲ್ಲದ ವಾಸನೆ. ಅತ್ತೆಯವರು ಅಡುಗೆಮನೆಯಲ್ಲಿ ಇಣುಕಿದರು. ಅದು ಮಾತ್ರ ನಾನು ಬೇಡವೆಂದರೂ ಕೇಳಲಿಲ್ಲ. ಗಾಡಿ ನಿಲ್ಲುತ್ತಿದ್ದ ಜಾಗ ತೋರಿಸಿ ಎಂದರು. ನಾನು ನೆಲ ನೋಡಿದೆ. ಎಣ್ಣೆಯ ಕಲೆ ಇರಲಿಲ್ಲ, ಇಳಿಜಾರೂ ಇರಲಿಲ್ಲ. ನನ್ನ ಅಪ್ಪನ ಮಗಳಿಗೆ ಅದು ಸಮಾಧಾನದ ಸುದ್ದಿ. ಚಹಾ ಬಂತು. ಆಮೇಲೆ ಅತ್ತೆಯವರು ಬಟ್ಟಲು ಕೆಳಗಿಟ್ಟು, ತಮ್ಮ ಗದಗಿನ ಮರಾಠಿಯಲ್ಲಿ ನೇರವಾಗಿ ಕೇಳಿದರು, ಗಾಡಿ ಹೇಗಿದೆ, ನಿಜ ಹೇಳಿ ಎಂದು.

ಸಾಠೆ ಕಾಕಾ ಗಲ್ಲ ಕೆರೆದುಕೊಂಡರು. "ಗಾಡೀ ಚಾಂಗಲೀ ಆಹೇ, ಆಜಿ. ಪಣ ಹಟ್ಟೀ ಆಹೇ." ಗಾಡಿ ಒಳ್ಳೆಯದೇ, ಆದರೆ ಹಟಮಾರಿ. ಬಿಸಿಲಲ್ಲಿ, ಗಾಡಿಗಳ ಸಂದಣಿಯಲ್ಲಿ ಬಹಳ ಹೊತ್ತು ತೆವಳಿಸಿದರೆ ಗೇರ್‌ಬಾಕ್ಸ್ ಕಾದು, ದೀಪ ಮಿನುಗಿಸಿ, ನಿಂತುಬಿಡುತ್ತದೆ. ತಮ್ಮಲ್ಲಿದ್ದಾಗ ಎರಡು ಬಾರಿ ಹಾಗಾಗಿತ್ತು. ಆಗ ಅದನ್ನು ಬೈಯಬಾರದು, ಎಳೆದೊಯ್ಯುವ ಗಾಡಿಗೆ ಫೋನ್ ಮಾಡಿ ನೆರಳಲ್ಲಿ ಕೂರಬೇಕು. ಇಷ್ಟು ಹೇಳಿ, ತಮ್ಮ ಹೆಂಡತಿಗೆ ಆ ಗಾಡಿಯ ಮೇಲೆ ಬಹಳ ಪ್ರೀತಿಯಿತ್ತು, ಮಗ ದೊಡ್ಡದು ತಂದನೆಂದು ಕೊಡಬೇಕಾಯಿತು ಎಂದರು. ಒಳಗಿನಿಂದ ಅವರ ಹೆಂಡತಿ ಕಾಕೂ ಬಂದು ಅತ್ತೆಯವರ ಕೈಯಲ್ಲಿ ಒಂದು ಬೆಲ್ಲದ ಅಚ್ಚು ಇಟ್ಟು, ಚೆನ್ನಾಗಿ ನೋಡಿಕೊಳ್ಳಿ ಎಂದರು. ಮಗಳನ್ನು ಕಳಿಸುವವರ ಧ್ವನಿಯೇ ಅದು.

ದಾರಿಯುದ್ದಕ್ಕೂ ನನ್ನ ಗಂಡ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದರು. ನಾನು ಆಸೆ ಬಿಟ್ಟಿದ್ದೆ. ನಿಗಡಿ ಬರುವಾಗ ಹೇಳಿದರು, "ಬ್ಯಾರೆ ಗಾಡಿ ತಗೊಂಡ್ರ ಏನ್ ಕೆಡ್ತದ ಅಂತ ಗೊತ್ತಿಲ್ಲ. ಇದರಾಗ ಏನ್ ಕೆಡ್ತದ ಅಂತ ಗೊತ್ತದ. ಗೊತ್ತಿದ್ದ ದೋಷಕ್ಕ ತಯಾರಿ ಮಾಡಬಹುದು." ಗುಣಮಟ್ಟ ವಿಭಾಗದವರ ಪ್ರೇಮಪತ್ರ ಹೀಗೇ ಇರುತ್ತದೆ. ಪ್ರವೀಣನ ಹತ್ತಿರ ಕೂತು ವಾರಂಟಿಯಲ್ಲಿ ಗೇರ್‌ಬಾಕ್ಸೂ ಎಳೆದೊಯ್ಯುವ ಖರ್ಚೂ ಸೇರಿದೆ ಎಂದು ಸ್ಪಷ್ಟವಾಗಿ ಬರೆಸಿಕೊಂಡರು. ಐದು ವರ್ಷದ ಸಾಲವನ್ನು ಎರಡಕ್ಕೆ ಇಳಿಸಿದರು. ಅದಕ್ಕಾಗಿ ನಾವು ಅಡುಗೆಮನೆ ಹೊಸದು ಮಾಡಿಸುವ ವಿಚಾರ ಕೈಬಿಡಬೇಕಾಯಿತು. ಹಳೇ ಅಡುಗೆಮನೆಯಲ್ಲೇ ಹೋಳಿಗೆ ಮಾಡಿ ಗಾಡಿಗೆ ಪೂಜೆ ಮಾಡಿದೆವು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದೆ. ಗಂಡ ಕಣ್ಣು ಮುಚ್ಚಿಕೊಂಡು ಏನು ಬೇಡಿಕೊಂಡರೋ ಗೊತ್ತಿಲ್ಲ, ಗೇರ್‌ಬಾಕ್ಸಿನ ದಿಕ್ಕಿಗೆ ಕೈಮುಗಿದಿದ್ದನ್ನು ನೋಡಿದೆ.

ಮೊದಲ ದೊಡ್ಡ ಪ್ರಯಾಣ ಎಲ್ಲಿಗೆಂದು ಕೇಳಬೇಕಾಗಿಯೇ ಇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕುರಕುಂಭಕ್ಕೆ ಹೊರಟೆವು. ಅತ್ತೆಯವರು ಇಳಕಲ್ ಸೀರೆ ಉಟ್ಟು ಹಿಂದಿನ ಸೀಟಿನ ನಡುವೆ ಕೂತು, ಹೋಗುವ ಬರುವ ಊರುಗಳ ಹೆಸರನ್ನೆಲ್ಲ ಬೋರ್ಡು ನೋಡಿ ಓದಿ ಹೇಳುತ್ತಿದ್ದರು. ಹಡಪ್ಸರ ದಾಟುವುದರಲ್ಲೇ ಗಾಡಿಗಳ ಜಾತ್ರೆ. ಒಂದು ತಾಸು ಇಂಚಿಂಚೇ ತೆವಳಿದೆವು. ಬಿಸಿಲು ಏರಿತು. ನನ್ನ ಗಂಡ ಪಕ್ಕದಲ್ಲಿ ಕೂತು ಡ್ಯಾಶ್‌ಬೋರ್ಡನ್ನು ಜ್ವರದ ರೋಗಿಯನ್ನು ನೋಡಿದ ಹಾಗೆ ನೋಡುತ್ತಿದ್ದರು. ಅಲ್ಲಿ ಏನೂ ಆಗಲಿಲ್ಲ. ಉರುಳಿ ಎಂಬ ಊರು ದಾಟಿತು, ಯವತ ದಾಟಿತು, ನನಗೆ ಹಾಡು ಗುನುಗುವಷ್ಟು ಧೈರ್ಯ ಬಂತು. ಚೌಫುಲಾ ಹತ್ತಿರ ಬರುವಾಗ ಹಳದಿ ದೀಪ ಮಿನುಗಿತು. ಗಾಡಿ ಒಮ್ಮೆ ನಡುಗಿ, ನಾನು ಪಕ್ಕಕ್ಕೆ ತೆಗೆದುಕೊಳ್ಳುವಷ್ಟು ಮರ್ಯಾದೆ ಕೊಟ್ಟು, ಒಂದು ಬೇವಿನಮರದ ಕೆಳಗೆ ನಿಂತುಬಿಟ್ಟಿತು.

ನನಗೆ ಅಳು ಬರುವುದೊಂದು ಬಾಕಿ. ಗಾಡಿಗಾಗಿ ಅಲ್ಲ, ತಂಗಿಯ ಮನೆ ಇನ್ನು ಅರ್ಧ ತಾಸಿನ ದಾರಿಯಷ್ಟೇ ಇತ್ತು. ನನ್ನ ಹಟಕ್ಕೆ ಸಾಲ ಮಾಡಿಸಿದ್ದೆ, ಅಡುಗೆಮನೆ ಬಿಟ್ಟಿದ್ದೆ, ಈಗ ಅತ್ತೆಯವರು ಮತ್ತೆ ಕಿಟಕಿಯ ಹತ್ತಿರ ಕೂತುಬಿಡುತ್ತಾರೆ ಎನಿಸಿತು. ಗಂಡ "ನಾ ಹೇಳಿದ್ದೆ" ಎನ್ನುತ್ತಾರೆಂದು ಕಾದೆ. ಅವರು ಅನ್ನಲಿಲ್ಲ. ಅನ್ನದೇ ಇದ್ದದ್ದು ಇನ್ನೂ ಕಷ್ಟವಾಯಿತು. ವಾರಂಟಿಯ ನಂಬರಿಗೆ ಫೋನ್ ಮಾಡಿದರೆ, ಎಳೆದೊಯ್ಯುವ ಟ್ರಕ್ಕು ಪುಣೆಯಿಂದ ಹೊರಡಬೇಕು, ಹೊತ್ತಾಗುತ್ತದೆ ಎಂದರು.

ಅತ್ತೆಯವರು ಅಷ್ಟರಲ್ಲಿ ತಂಗಿಗೆ ಫೋನ್ ಹಚ್ಚಿದ್ದರು. "ಗೋದಾ, ನಮ್ಮ ಗಾಡಿ ಇಲ್ಲೇ ಚೌಫುಲಾದಾಗ ಮುನಿಸ್ಕೊಂಡು ನಿಂತದ ನೋಡು. ನೆಳ್ಳ ಅದ. ಎದುರಿಗೆ ಕಬ್ಬಿನ ಹಾಲಿನ ಅಂಗಡಿ ಅದ. ರಿಕ್ಷಾ ಮಾಡ್ಕೊಂಡು ನೀನ ಬಾ. ಮಾಡಿದ್ದು ಬದನಿಕಾಯಿ ಪಲ್ಯ ಬಿಟ್ಟ ಬರಬ್ಯಾಡ."

ಎದುರಿನ ಕಬ್ಬಿನ ಗಾಣಕ್ಕೆ ಗೆಜ್ಜೆ ಕಟ್ಟಿದ್ದರು, ತಿರುಗಿದಾಗಲೆಲ್ಲ ಝಲ್ ಝಲ್ ಎನ್ನುತ್ತಿತ್ತು. ನಾನು ಹೋಗಿ ಅಂಗಡಿಯ ಬೆಂಚಿಗೆ ಲಾಡಿ ಹಿಡಿದು ಬಂದೆ. ಗಂಟಿಗಿಂತ ಒಂದು ಗೇಣು ತಗ್ಗು. ಊಟ ಗಾಡಿಯಲ್ಲೇ ಆಗಬೇಕೆಂದು ತೀರ್ಮಾನವಾಯಿತು. ಮುಕ್ಕಾಲು ತಾಸು ಕಳೆದಿರಬೇಕು. ದೂಳೆಬ್ಬಿಸುತ್ತ ಒಂದು ರಿಕ್ಷಾ ಬಂದು ಅಂಗಡಿಯ ಮುಂದೆ ನಿಂತಿತು. ಒಳಗೆ ಗೋದಕ್ಕ, ತೊಡೆಯ ಮೇಲೆ ಡಬ್ಬಿಗಳ ಗೋಪುರ, ಗಾಳಿಗೆ ಕೂದಲೆಲ್ಲ ಚೆದುರಿ.

ನಾನು ಅತ್ತೆಯವರಿಗೆ ಕೈಕೊಡಲೆಂದು ಈ ಕಡೆಯಿಂದ ಓಡಿದೆ. ನನ್ನ ಗಂಡ ಆ ಕಡೆಯಿಂದ ಓಡಿದರು. ಇಬ್ಬರೂ ಮುಟ್ಟುವಷ್ಟರಲ್ಲಿ ಅವರು ಬಾಗಿಲು ತೆಗೆದಾಗಿತ್ತು. ಎರಡೂ ಕಾಲು ಹೊರಗಿಟ್ಟರು, ಎದ್ದರು, ಸೆರಗು ಹೊದ್ದುಕೊಂಡರು, ನಮ್ಮಿಬ್ಬರ ನಡುವೆ ಹಾದು ಬೇವಿನ ನೆರಳು ದಾಟಿ ತಂಗಿಯ ಕಡೆಗೆ ನಡೆದೇಬಿಟ್ಟರು. ಗೋದಕ್ಕ ಡಬ್ಬಿಗಳನ್ನು ರಿಕ್ಷಾದವನ ಕೈಗೆ ಕೊಟ್ಟು ಓಡಿಬಂದರು. ರಸ್ತೆಯ ಪಕ್ಕದಲ್ಲಿ ಅಕ್ಕ ತಂಗಿ ಒಬ್ಬರ ಗಲ್ಲ ಒಬ್ಬರು ಹಿಡಿದುಕೊಂಡು, "ಎಷ್ಟ ಸೊರಗೀದಿ," "ನೀನ ಸೊರಗೀದಿ," ಎಂದು ಜಗಳಕ್ಕೆ ನಿಂತರು. ಇಬ್ಬರೂ ಸೊರಗಿರಲಿಲ್ಲ.

ಆಮೇಲೆ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ನಿಂತ ಗಾಡಿಯೆಂದು ಗೋದಕ್ಕನ ಹೊಟ್ಟೆಯೂ ತೊಳೆಸಲಿಲ್ಲ. ನಾಲ್ಕೂ ಬಾಗಿಲು ತೆರೆದಿಟ್ಟು, ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು. ರಿಕ್ಷಾದವನಿಗೂ ಕಬ್ಬಿನ ಅಂಗಡಿಯವನಿಗೂ ರೊಟ್ಟಿ ಹೋಯಿತು, ಅಲ್ಲಿಂದ ಶುಂಠಿ ಹಾಕಿದ ಕಬ್ಬಿನ ಹಾಲು ಬಂತು. ಅಂಥ ಊಟ ನಾನು ಎಷ್ಟೋ ಮದುವೆಗಳಲ್ಲಿ ಉಂಡಿಲ್ಲ.

ನಡುವೆ ನನ್ನ ಗಂಡನ ಫೋನ್ ರಿಂಗಾಯಿತು. ಪ್ರವೀಣ. ವಾರಂಟಿ ವಿಭಾಗದಿಂದ ಅವನಿಗೆ ಸುದ್ದಿ ಹೋಗಿತ್ತು. ಇವರ ಕೈಗೆ ಪಲ್ಯದ ಎಣ್ಣೆ ಮೆತ್ತಿತ್ತೆಂದು ಸ್ಪೀಕರ್ ಹಾಕಿದರು. ಹುಡುಗ ಗಡಿಬಿಡಿಯಲ್ಲಿದ್ದ. "ಸರ, ಸಿಟ್ಟಾಗಬ್ಯಾಡ್ರಿ. ಗಾಡಿ ದಾರ್ಯಾಗ ನಿಂತದಂತ. ನಾ ಈಗ ಟ್ರಕ್ಕಿನವ್ರಿಗೆ ಜೋರ್ ಮಾಡಿ ಹೇಳ್ತೀನ್ರಿ, ಲಗೂನ ಕಳಸ್ತೀನ್ರಿ."

ನನ್ನ ಗಂಡ ಹಿಂದಿನ ಸೀಟಿನ ಕಡೆ ನೋಡಿದರು. ಅಲ್ಲಿ ಅಕ್ಕ ತಂಗಿ ಯಾವುದೋ ಹಳೇ ಮಾತಿಗೆ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಗಂಡನ ಕಣ್ಣೂ ಒದ್ದೆಯಾಗಿತ್ತು.

"ಗಾಡಿ ನಿಂತದ ಪ್ರವೀಣ, ಖರೇ," ಎಂದರು. "ಆದ್ರ ನಮ್ಮವ್ವ ಯಾರ ಕೈನೂ ಹಿಡೀದ ಇಳದಾಳ. ಟ್ರಕ್ಕಿನವ್ರಿಗೆ ಹೇಳು, ಅವಸರ ಏನಿಲ್ಲ. ಸಾವಕಾಶ ಬರಲಿ."